ಗೇಟು ಒಂದು ಪಂಚಾಯ್ತಿಯಲ್ಲಿ, ಹಾಸಿಗೆ ಇನ್ನೊಂದರಲ್ಲಿ

ಗಡಿ ದಾಟಿದರೆ ಸಿಗುವ ತಮಿಳುನಾಡಿನ ನಮ್ಮ ಹೊಸೂರಿನ ಸುತ್ತಮುತ್ತ ಹೊಸ ಫ್ಯಾಕ್ಟರಿ ಬರುತ್ತದೆ ಅಂತ ಸುದ್ದಿ ಆದಾಗಲೆಲ್ಲ ಪೇಪರಿನಲ್ಲಿ ಎರಡು ಅಂಕಿ ದಪ್ಪಕ್ಷರದಲ್ಲಿ ಇರುತ್ತವೆ. ಎಷ್ಟು ಕೋಟಿ ಬಂಡವಾಳ, ಎಷ್ಟು ಸಾವಿರ ಜನಕ್ಕೆ ಕೆಲಸ. ಅಷ್ಟು ಸಾವಿರ ಜನ ಶಿಫ್ಟ್ ಮುಗಿಸಿ ಎಲ್ಲಿ ಮಲಗುತ್ತಾರೆ, ಅವರು ಸ್ನಾನ ಮಾಡಿದ ನೀರು ಯಾವ ಕೆರೆಗೆ ಹೋಗುತ್ತದೆ, ಅದಕ್ಕೆಲ್ಲ ದುಡ್ಡು ಯಾರು ಹಾಕುತ್ತಾರೆ, ಇದು ಮಾತ್ರ ಎಲ್ಲೂ ಇರೋದಿಲ್ಲ. ನಾನು ಬರೆಯಲು ಹೊರಟಿದ್ದು ಅದರ ಬಗ್ಗೆ.

ಹೊಸೂರಿಗೆ ಕಾರ್ಖಾನೆ ಹೊಸದೇನಲ್ಲ. ಸಿಪ್ಕಾಟ್, ಅಂದರೆ ಕೈಗಾರಿಕೆಗೆ ಜಾಗ ಮಾಡಿಕೊಡುವ ತಮಿಳುನಾಡು ಸರ್ಕಾರದ ನಿಗಮ, 70ರ ದಶಕದಲ್ಲೇ ಬಂತು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಎಲ್ಲ ಹಳೇ ನೆಂಟರು. ಈಗ ಬರುತ್ತಿರುವುದು ಬೇರೆ ಅಳತೆಯದ್ದು. ಕೆಲಮಂಗಲದ ಕಡೆ ಟಾಟಾ ಎಲೆಕ್ಟ್ರಾನಿಕ್ಸ್ ಐಫೋನಿನ ಕೆಲಸ ಮಾಡುತ್ತದೆ. ಹೊಸೂರಿನಲ್ಲಿ ಏಥರ್ ಸ್ಕೂಟರ್ ಮಾಡುತ್ತದೆ, ಪೋಚಂಪಳ್ಳಿ ಹತ್ತಿರ ಓಲಾ. ಫೋನ್ ಕಾರ್ಖಾನೆ ಅಂದರೆ ಒಂದೇ ಗೇಟಿನೊಳಗೆ ಸಾವಿರಗಟ್ಟಲೆ ಜನ, ಅದರಲ್ಲಿ ಹೆಚ್ಚಿನವರು ಈಗಷ್ಟೇ ಓದು ಮುಗಿಸಿದ ಹುಡುಗಿಯರು, ಬೇರೆ ಜಿಲ್ಲೆ, ಬೇರೆ ರಾಜ್ಯದಿಂದ ಬಂದವರು. ಇನ್ನೊಂದು ಕಡೆಯಿಂದ ಬೆಂಗಳೂರು ತಳ್ಳುತ್ತಿದೆ. ಮೆಟ್ರೋ 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಬಂತು. ಅದಕ್ಕೂ ಮೊದಲೇ, 2024ರ ಜೂನಿನಲ್ಲಿ, ಹೊಸೂರಿನಲ್ಲಿ 2,000 ಎಕರೆ ವಿಮಾನ ನಿಲ್ದಾಣ ಅಂತ ತಮಿಳುನಾಡು ಸರ್ಕಾರ ವಿಧಾನಸಭೆಯಲ್ಲಿ ಹೇಳಿತು. ವಿಮಾನ ಯಾವಾಗ ಹಾರುತ್ತದೋ, ಪುಂಜೆ (ಖುಷ್ಕಿ) ಜಮೀನಿನ ರೇಟಂತೂ ಅವತ್ತೇ ಹಾರಿತು.

ಇದರಲ್ಲಿ ಸ್ಥಳೀಯ ಸಂಸ್ಥೆಯ ಪಾತ್ರ ಏನು? ನಿಜ ಹೇಳಬೇಕೆಂದರೆ ಕರೆಯುವಾಗ ಏನೂ ಇಲ್ಲ. ಕಂಪನಿ ಮಾತಾಡುವುದು ಚೆನ್ನೈ ಜೊತೆ. ಜಾಗ ಕೊಡುವುದು ಸಿಪ್ಕಾಟ್ ಅಥವಾ ಸರ್ಕಾರ, ರಿಯಾಯಿತಿ ಕೊಡುವುದು ಸರ್ಕಾರ, ಲೈಸೆನ್ಸ್‌ಗಳು ಏಕಗವಾಕ್ಷಿಯಲ್ಲಿ ಸಿಗುತ್ತವೆ. ಪಂಚಾಯ್ತಿ ಪ್ರೆಸಿಡೆಂಟ್‌ಗೆ ಗೊತ್ತಾಗುವುದು ಜೆಸಿಬಿ ಬಂದ ಮೇಲೆ. ಆದರೆ ಗೇಟಿನ ಹೊರಗೆ ಆಗೋದೆಲ್ಲ ಪಂಚಾಯ್ತಿ ತಲೆಗೇ ಬರುತ್ತದೆ. ರಸ್ತೆ, ಬೀದಿದೀಪ, ಕುಡಿಯೋ ನೀರು, ಕಸ, ಚರಂಡಿ.

ಡೆಂಕಣಿಕೋಟೆ, ತಳಿ ಕಡೆಯ ಒಳರಸ್ತೆಗಳನ್ನು ನೋಡಿದವರಿಗೆ ಇದು ಗೊತ್ತು. ಕೊಯ್ಲಿನ ಹೊತ್ತಿಗೆ ಜನ ರಾಗಿ ತೆನೆಯನ್ನು ಟಾರ್ ರಸ್ತೆ ಮೇಲೆ ಹರಡುತ್ತಾರೆ, ಗಾಡಿಗಳು ಅದರ ಮೇಲೆ ಓಡಿದರೆ ಒಕ್ಕಣೆ ಆಗುತ್ತದೆ, ಆಮೇಲೆ ಪೊರಕೆ ಹಿಡಿದು ಗುಡಿಸಿ ತೂರಿಕೊಳ್ಳುತ್ತಾರೆ. ಗಂಟೆಗೊಂದು ಟೌನ್ ಬಸ್ಸು, ನಾಲ್ಕು ಬೈಕು ಓಡಾಡುವ ರಸ್ತೆಗೆ ಅದು ಸರಿಹೋಗುತ್ತಿತ್ತು. ಶಿಫ್ಟ್ ಬಸ್ಸುಗಳು ಒಂದರ ಹಿಂದೆ ಒಂದು ಬರುವ ರಸ್ತೆಯಲ್ಲಿ ರಾಗಿ ಹರಡೋದು ಹಾಗಿರಲಿ, ಅಜ್ಜಿ ಒಬ್ಬಳು ಎಮ್ಮೆ ದಾಟಿಸೋದೂ ಕಷ್ಟ. ರಸ್ತೆ ಅದೇ, ಅಗಲ ಅದೇ. ಅದನ್ನು ಹಾಕುವಾಗ ಲೆಕ್ಕ ಹಾಕಿದ್ದು ಊರಿನ ಜನಕ್ಕೆ ಮಾತ್ರ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಇದೇ ಮುಖ್ಯ, ಆದರೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ದೊಡ್ಡ ಕಂಪನಿ ಬಂದರೆ ಪಂಚಾಯ್ತಿಗೆ ಮುಖ್ಯವಾಗಿ ಎರಡು ದಾರಿಯಲ್ಲಿ ದುಡ್ಡು ಬರಬಹುದು. ಒಂದು, ಕಟ್ಟಡದ ಮೇಲಿನ ತೆರಿಗೆ. ಇನ್ನೊಂದು, ವೃತ್ತಿ ತೆರಿಗೆ. ಸಂಬಳದ ಚೀಟಿಯಲ್ಲಿ ‘ಪಿ.ಟಿ.’ ಅಂತ ಹಿಡಿದಿರುತ್ತಾರಲ್ಲ, ಅದೇ. ಕರ್ನಾಟಕದಲ್ಲಿ ಇದು ರಾಜ್ಯ ಸರ್ಕಾರದ ಖಜಾನೆಗೆ ಹೋಗುತ್ತದೆ. ತಮಿಳುನಾಡಿನಲ್ಲಿ ಹಾಗಲ್ಲ, ಕೇರಳದಲ್ಲೂ ಅಲ್ಲ. ಇಲ್ಲಿ ಅದು ನೇರ ಸ್ಥಳೀಯ ಸಂಸ್ಥೆಗೇ ಸೇರಬೇಕಾದ ದುಡ್ಡು. ಅಂದರೆ ಅತ್ತಿಬೆಲೆಯಲ್ಲಿ ಕೆಲಸ ಮಾಡುವವನ ವೃತ್ತಿ ತೆರಿಗೆ ಬೆಂಗಳೂರಿನ ವಿಧಾನಸೌಧಕ್ಕೆ ಹೋದರೆ, ಗಡಿ ದಾಟಿ ಜೂಜುವಾಡಿಯಲ್ಲಿ ಕೆಲಸ ಮಾಡುವವನದು ಹೊಸೂರು ಕಾರ್ಪೊರೇಷನ್ನಿಗೆ. ಗಡಿಯ ಈ ಕಡೆ ಇರುವ ನಮಗೆ ಇದೊಂದು ಅನುಕೂಲ. ಕಾಸರಗೋಡಿನವರಿಗೂ ಅಷ್ಟೇ.

ಆದರೆ ಇದಕ್ಕೆ ಮಿತಿ ಇದೆ. ಸಂವಿಧಾನದ 276ನೇ ವಿಧಿ ಪ್ರಕಾರ ಒಬ್ಬರಿಂದ ವರ್ಷಕ್ಕೆ 2,500 ರೂಪಾಯಿಗಿಂತ ಜಾಸ್ತಿ ವೃತ್ತಿ ತೆರಿಗೆ ಹಾಕುವಂತಿಲ್ಲ. ಈ ಮಿತಿ ಇಟ್ಟಿದ್ದು 1988ರಲ್ಲಿ. ಆಗ 2,500 ಅಂದರೆ ಎಷ್ಟೋ ಜನರ ಒಂದು ತಿಂಗಳ ಸಂಬಳ. ಈಗ ತಿಂಗಳಿಗೆ ಎರಡು ಲಕ್ಷ ತಗೊಳ್ಳುವ ಇಂಜಿನಿಯರ್ ಕೂಡ ವರ್ಷಕ್ಕೆ ಕಟ್ಟುವುದು ಅಷ್ಟೇ. ಹತ್ತು ಸಾವಿರ ಜನ ಇರುವ ಫ್ಯಾಕ್ಟರಿಯಲ್ಲಿ ಪ್ರತಿಯೊಬ್ಬರೂ ಪೂರ್ತಿ ಕಟ್ಟಿದರೂ ವರ್ಷಕ್ಕೆ ಎರಡೂವರೆ ಕೋಟಿ. ಒಂದು ಹಳ್ಳಿ ಪಂಚಾಯ್ತಿಗೆ ಅದು ದೊಡ್ಡ ದುಡ್ಡೇ, ಒಪ್ಪುತ್ತೇನೆ.

ತೊಡಕು ಬರುವುದು ಇಲ್ಲೇ. ಆ ದುಡ್ಡು ಹೋಗುವುದು ಫ್ಯಾಕ್ಟರಿ ಇರುವ ಪಂಚಾಯ್ತಿಗೆ. ಆ ಹತ್ತು ಸಾವಿರ ಜನ ಅಲ್ಲಿ ಮಲಗುವುದಿಲ್ಲ. ಐದಾರು ಕಿಲೋಮೀಟರ್ ಆಚೆಯ ಹಳ್ಳಿಗಳಲ್ಲಿ, ಬಾಡಿಗೆ ಎಲ್ಲಿ ಕಡಿಮೆಯೋ ಅಲ್ಲಿ ಇರುತ್ತಾರೆ. ಆ ಹಳ್ಳಿಗಳಿಗೆ ವೃತ್ತಿ ತೆರಿಗೆಯಿಂದ ಒಂದು ಪೈಸೆ ಇಲ್ಲ. ಮದುವೆ ಒಬ್ಬರ ಮನೆಯಲ್ಲಿ, ಎಂಜಲೆಲೆ ಬೀಳೋದು ಇನ್ನೊಬ್ಬರ ಹಿತ್ತಲಲ್ಲಿ.

ಹಾಗಾದರೆ ಆ ಹಳ್ಳಿಗೆ ಸರ್ಕಾರದ ಅನುದಾನ ಬರುತ್ತದಲ್ಲ ಅಂತ ಕೇಳಬಹುದು. ಬರುತ್ತದೆ, ಆದರೆ ಯಾವ ಜನಸಂಖ್ಯೆ ಲೆಕ್ಕದಲ್ಲಿ? 2011ರದ್ದು. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ, ಮುಂದಿನದಕ್ಕೆ 2027ರ ಮಾರ್ಚ್ 1 ಅಂತ ದಿನ ಇಟ್ಟರು. ಅಂದರೆ 2011ರ ಆಮೇಲೆ ಬಂದವರು ಅನುದಾನದ ಲೆಕ್ಕದಲ್ಲಿ ಹುಟ್ಟೇ ಇಲ್ಲ. 2011ರ ಗಣತಿಯಲ್ಲಿ ಹೊಸೂರು ಪುರಸಭೆಯ ಜನ 1.16 ಲಕ್ಷದಷ್ಟು. 2019ರಲ್ಲಿ ಅದು ಕಾರ್ಪೊರೇಷನ್ ಆಯಿತು. ಊರಿಗೆ ಹೆಸರು ಬದಲಾಯಿಸುವುದು ಸುಲಭ, ಲೆಕ್ಕ ಬದಲಾಯಿಸುವುದು ಕಷ್ಟ.

ನೀರಿನಲ್ಲೂ ಇದೇ ಕಥೆ. ಪೇಟೆಗಳಿಗೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಹಿಡಿಯುತ್ತಾರೆ. ಹಳ್ಳಿಗೆ ಜಲಜೀವನ್ ಯೋಜನೆಯಲ್ಲಿ 55 ಲೀಟರ್. ನಾಲ್ಕು ಮಹಡಿಯ ಪಿ.ಜಿ. ಎದ್ದು ನಿಂತಿರುವ ಊರು ಕಾಗದದಲ್ಲಿ ಇನ್ನೂ ಹಳ್ಳಿ ಅಂತಲೇ ಇದ್ದರೆ ಪೈಪು, ಮೋಟಾರು, ಓವರ್‌ಹೆಡ್ ಟ್ಯಾಂಕು ಎಲ್ಲ 55ರ ಲೆಕ್ಕದಲ್ಲೇ ಇರುತ್ತವೆ. ಹತ್ತು ಸಾವಿರ ಜನಕ್ಕೆ 135ರ ಲೆಕ್ಕದಲ್ಲಿ ದಿನಕ್ಕೆ ಹದಿಮೂರೂವರೆ ಲಕ್ಷ ಲೀಟರ್ ಬೇಕು. 12,000 ಲೀಟರಿನ ಟ್ಯಾಂಕರ್ ಆದರೆ ದಿನಾ ಸುಮಾರು 113 ಲೋಡು. ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಕಾವೇರಿ ತಂದಿದ್ದು ನಿಜ. ಅದನ್ನು ಮಾಡಿದ್ದು ಫ್ಲೋರೈಡ್ ನೀರು ಕುಡಿಯುತ್ತಿದ್ದ ಊರುಗಳಿಗಾಗಿ ಅನ್ನೋದು ಮಾತ್ರ ಈಗ ಎಲ್ಲರಿಗೂ ಮರೆತುಹೋಗಿದೆ.

ಬಂದ ನೀರು ಹೋಗಬೇಕಲ್ಲ? ಬಾಡಿಗೆಗೆ ಅಂತ ಕಟ್ಟಿದ ಸಾಲು ರೂಮುಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ಹೊಲದ ಮೂಲೆಯಲ್ಲಿ ಹಾಲೋ ಬ್ಲಾಕ್ ಗೋಡೆ, ಮೇಲೆ ಶೀಟು, ಹತ್ತು ಬಾಗಿಲು, ಪ್ರತಿ ಬಾಗಿಲ ಹಿಂದೆ ನಾಲ್ಕು ಜನ. ಕೊನೆಯಲ್ಲಿ ಎರಡು ಬಚ್ಚಲು. ಒಂದು ಕಡೆ ಬೋರ್‌ವೆಲ್, ಅದರಿಂದ ಒಂದು ಮಾರು ದೂರದಲ್ಲೇ ಪಾಯಿಖಾನೆ ಗುಂಡಿ. ಗುಂಡಿ ತುಂಬಿದರೆ ಲಾರಿ ಬಂದು ಹೀರಿಕೊಂಡು ಹೋಗುತ್ತದೆ. ಆ ಲಾರಿ ಎಲ್ಲಿ ಖಾಲಿ ಆಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ಮುಂದಿನ ಸಲ ಬರೋದಿಲ್ಲ ಅನ್ನೋ ಭಯ. ಮನೆ ಓನರ್‌ನ ಬೈದು ಪ್ರಯೋಜನ ಇಲ್ಲ. ಟೊಮೆಟೊ ಬೆಳೆದು ರಾಯಕೋಟೆ ಮಾರ್ಕೆಟ್ಟಿನಲ್ಲಿ ರೇಟು ಸಿಗದೆ ಕೈ ಸುಟ್ಟುಕೊಂಡವನು ಹತ್ತು ರೂಮು ಕಟ್ಟಿ ತಿಂಗಳ ಬಾಡಿಗೆ ನೋಡಿದರೆ ಅದು ಅವನ ತಪ್ಪೇನಲ್ಲ. ಕಟ್ಟುವಾಗ ಗುಂಡಿ ಎಲ್ಲಿ, ಬೋರು ಎಲ್ಲಿ ಅಂತ ನೋಡಬೇಕಾಗಿದ್ದು ಪರ್ಮಿಷನ್ ಕೊಡುವವರು.

ಇದನ್ನು ನೋಡದೆ ಬಿಟ್ಟರೆ ಏನಾಗುತ್ತದೆ ಅಂತ ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಬೆಳ್ಳಂದೂರು, ವರ್ತೂರು ಕೆರೆ ಸುತ್ತ ಐಟಿ ಕಂಪನಿಗಳು ಬಂದವು, ಅಪಾರ್ಟ್‌ಮೆಂಟುಗಳು ಬಂದವು, ಒಳಚರಂಡಿ ಬರಲಿಲ್ಲ. ಆ ನೀರು ದಕ್ಷಿಣ ಪಿನಾಕಿನಿ ನದಿ ಸೇರಿ ಗಡಿ ದಾಟಿ ಸೀದಾ ನಮ್ಮ ಕೆಲವರಪಳ್ಳಿ ಅಣೆಕಟ್ಟಿಗೆ ಬರುತ್ತದೆ. ಮಳೆ ಬಂದು ಗೇಟು ತೆಗೆದರೆ ನೊರೆ ಎದ್ದು ರಸ್ತೆ ಮುಚ್ಚುತ್ತದೆ. ಐಟಿ ಸಂಬಳ ಒಂದು ರಾಜ್ಯದಲ್ಲಿ, ಅದರ ಬಚ್ಚಲು ನೀರು ಇನ್ನೊಂದು ರಾಜ್ಯದ ಗದ್ದೆಯಲ್ಲಿ. ಇಂಥ ನೀರು ಕುಡಿದ ನೆಲದವರು ನಾವು, ನಮ್ಮ ಕೆಳಗಿನವರಿಗೆ ಅದನ್ನೇ ಕಳಿಸೋದು ಸರಿ ಅಲ್ಲ ಅಲ್ವಾ?

ಬೇರೆ ದೇಶದಲ್ಲಿ ಏನು ಮಾಡಿದರು? ಅಮೆರಿಕದ ಸಿಯಾಟಲ್ ಅಮೆಜಾನ್ ಇರುವ ಊರು. ಬಾಡಿಗೆ ಏರಿ ಜನ ಬೀದಿಗೆ ಬಂದಾಗ 2018ರ ಮೇ ತಿಂಗಳಲ್ಲಿ ಅಲ್ಲಿನ ಕೌನ್ಸಿಲ್ ದೊಡ್ಡ ಕಂಪನಿಗಳ ಮೇಲೆ ಒಬ್ಬ ಕೆಲಸಗಾರನಿಗೆ ವರ್ಷಕ್ಕೆ 275 ಡಾಲರ್ ತೆರಿಗೆ ಹಾಕಿತು. ಅಮೆಜಾನ್ ಆಗಲೇ ಒಂದು ಕಟ್ಟಡದ ಕೆಲಸ ನಿಲ್ಲಿಸಿ ಗುಟುರು ಹಾಕಿತ್ತು. ಒಂದು ತಿಂಗಳೊಳಗೆ ಕೌನ್ಸಿಲ್ ತೆರಿಗೆ ವಾಪಸ್ ತಗೊಂಡಿತು. ಆದರೆ 2020ರಲ್ಲಿ ಮತ್ತೆ ತಂದರು, ಬೇರೆ ರೂಪದಲ್ಲಿ. ಈ ಸಲ ತಲೆ ಲೆಕ್ಕ ಬಿಟ್ಟರು, ದೊಡ್ಡ ಕಂಪನಿಗಳು ಕೊಡುವ ದೊಡ್ಡ ಸಂಬಳಗಳ ಮೇಲೆ ತೆರಿಗೆ ಹಾಕಿದರು. ಅದು ಉಳಿದುಕೊಂಡಿತು. ಗೂಗಲ್ ಇರುವ ಮೌಂಟನ್ ವ್ಯೂ ಊರಿನಲ್ಲಿ 2018ರಲ್ಲಿ ಜನರೇ ಓಟು ಹಾಕಿ, ಕೆಲಸಗಾರರು ಜಾಸ್ತಿ ಇರುವ ಕಂಪನಿಗೆ ತಲೆಗೆ ಜಾಸ್ತಿ ಅಂತ ತೆರಿಗೆ ಒಪ್ಪಿಕೊಂಡರು. ಗೂಗಲ್ ಊರು ಬಿಟ್ಟು ಹೋಗಲಿಲ್ಲ.

ಉಲ್ಟಾ ಉದಾಹರಣೆಯೂ ಇದೆ. ವಿಸ್ಕಾನ್ಸಿನ್ ರಾಜ್ಯದ ಮೌಂಟ್ ಪ್ಲೆಸೆಂಟ್ ಅನ್ನೋ ಸಣ್ಣ ಊರಿಗೆ 2017ರಲ್ಲಿ ಫಾಕ್ಸ್‌ಕಾನ್ ಬರುತ್ತದೆ, 13,000 ಕೆಲಸ ಅಂತ ಘೋಷಣೆ ಆಯಿತು. ರಾಜ್ಯ ಸುಮಾರು 300 ಕೋಟಿ ಡಾಲರ್ ರಿಯಾಯಿತಿ ಒಪ್ಪಿತು. ಊರಿನವರು ಸಾಲ ಮಾಡಿ ಜಾಗ ತಗೊಂಡರು, ಇದ್ದವರನ್ನು ಎಬ್ಬಿಸಿದರು, ರಸ್ತೆ ನೀರು ಎಲ್ಲ ತಂದಿಟ್ಟರು. 2021ರಲ್ಲಿ ಹೊಸ ಒಪ್ಪಂದ ಮಾಡಿದಾಗ 13,000 ಹೋಗಿ 1,454 ಆಗಿತ್ತು. ಆ ಜಾಗದಲ್ಲಿ ಆಮೇಲೆ ಮೈಕ್ರೋಸಾಫ್ಟ್ ಡೇಟಾ ಸೆಂಟರಿಗೆ ಜಾಗ ತಗೊಂಡಿತು, ಊರು ಮುಳುಗಲಿಲ್ಲ. ಆದರೆ ಮನೆ ಬಿಟ್ಟು ಹೋದವರು ವಾಪಸ್ ಬರಲಿಲ್ಲ.

ಇದನ್ನೆಲ್ಲ ಹೇಳಿದ್ದು ‘ನಾವೂ ಸಿಯಾಟಲ್ ತರ ಮಾಡೋಣ’ ಅಂತಲ್ಲ. ನಮ್ಮ ಪಂಚಾಯ್ತಿಗೆ ಆ ಅಧಿಕಾರವೇ ಇಲ್ಲ. ವೃತ್ತಿ ತೆರಿಗೆಯ 2,500ರ ಮಿತಿ ಏರಿಸಬೇಕಾದ್ದು ಪಾರ್ಲಿಮೆಂಟು. ಆದರೆ ಇರುವ ಅಧಿಕಾರದಲ್ಲೇ ಮಾಡಬಹುದಾದ್ದು ಸಾಕಷ್ಟಿದೆ, ಸುಮ್ನೆ ಕೈಕಟ್ಟಿ ಕೂರಬೇಕಾಗಿಲ್ಲ.

ನನ್ನ ಪ್ರಕಾರ ಮೊದಲನೆಯದು ದುಡ್ಡನ್ನು ಗೇಟಿನಿಂದ ಹಾಸಿಗೆಯ ಕಡೆಗೆ ತರುವುದು. ಫ್ಯಾಕ್ಟರಿ ಇರುವ ಪಂಚಾಯ್ತಿಗೆ ಬರುವ ವೃತ್ತಿ ತೆರಿಗೆಯಲ್ಲಿ ಒಂದು ಪಾಲು, ಆ ಕೆಲಸಗಾರರು ವಾಸ ಇರುವ ಪಂಚಾಯ್ತಿಗಳಿಗೆ ಹೋಗಬೇಕು. ಇದಕ್ಕೆ ರಾಜ್ಯ ಸರ್ಕಾರದ ಆದೇಶ ಬೇಕು, ಪ್ರೆಸಿಡೆಂಟ್ ಒಬ್ಬರೇ ಮಾಡಲು ಆಗದು. ಆದರೆ ಲೆಕ್ಕ ಕಷ್ಟವೇನಲ್ಲ. ಶಿಫ್ಟ್ ಬಸ್ಸು ಎಲ್ಲೆಲ್ಲಿ ನಿಂತು ಎಷ್ಟು ಜನರನ್ನು ಹತ್ತಿಸಿಕೊಳ್ಳುತ್ತದೆ ಅನ್ನೋ ಪಟ್ಟಿ ಪ್ರತಿ ಕಂಪನಿಯ ಟ್ರಾನ್ಸ್‌ಪೋರ್ಟ್ ವಿಭಾಗದಲ್ಲಿ ಇದ್ದೇ ಇರುತ್ತದೆ. ಜನಗಣತಿಗಿಂತ ಅದೇ ನಿಖರ. ಗೇಟು ಇರುವ ಪಂಚಾಯ್ತಿ ಬಿಟ್ಟುಕೊಡಲು ಒಪ್ಪುತ್ತದೆಯೇ? ಜಗಳ ಆಗುತ್ತದೆ. ಆಗಲಿ, ಅದೊಂದು ಜಗಳ ಆಗಬೇಕಾದ್ದೇ.

ಎರಡನೆಯದು ಮನೆ. ಟೈಟಾನ್ ಬಂದ ಕಾಲದಲ್ಲಿ ಮತ್ತಿಗಿರಿಯಲ್ಲಿ ಕೆಲಸಗಾರರಿಗೆ ಟೌನ್‌ಶಿಪ್ ಕಟ್ಟಿದ್ದರು. ಅಂಥದ್ದು ಈಗ ಅಪರೂಪ. ಚೆನ್ನೈ ಹತ್ತಿರದ ಶ್ರೀಪೆರಂಬದೂರಿನ ಕಡೆ ಎಚ್ಚೆತ್ತಿದ್ದು ಪೆಟ್ಟು ತಿಂದ ಮೇಲೆ. 2021ರ ಡಿಸೆಂಬರಿನಲ್ಲಿ ಹಾಸ್ಟೆಲ್ ಊಟದಿಂದ ಫೋನ್ ಕಾರ್ಖಾನೆಯ ಹುಡುಗಿಯರು ಆಸ್ಪತ್ರೆ ಸೇರಿದರು, ಉಳಿದವರು ಚೆನ್ನೈ-ಬೆಂಗಳೂರು ಹೆದ್ದಾರಿಯಲ್ಲಿ ಕೂತರು. 2024ರ ಆಗಸ್ಟಿನಲ್ಲಿ ಅದೇ ಕಡೆಯ ವಲ್ಲಂ ವಡಗಾಲ್‌ನಲ್ಲಿ 18,720 ಹೆಣ್ಣುಮಕ್ಕಳು ಇರಬಹುದಾದ ವಸತಿ ಸಮುಚ್ಚಯವನ್ನು ಸಿಪ್ಕಾಟ್ ತೆರೆಯಿತು. ಒಳ್ಳೆಯದೇ. ಆದರೂ ನನಗೆ ಒಂದು ಅನುಮಾನ. ಎಲ್ಲರನ್ನೂ ಒಂದೇ ಕಾಂಪೌಂಡಿನಲ್ಲಿಟ್ಟು, ಅಲ್ಲೇ ಕ್ಯಾಂಟೀನು, ಅಲ್ಲೇ ಬಸ್ಸು ಅಂದರೆ ಅವರಿಗೆ ಊರು ಗೊತ್ತಾಗುವುದಿಲ್ಲ, ಊರಿಗೆ ಅವರು ಗೊತ್ತಾಗುವುದಿಲ್ಲ, ಪಕ್ಕದ ದಿನಸಿ ಅಂಗಡಿಗೂ ಒಂದು ಸೋಪು ಮಾರಾಟ ಆಗುವುದಿಲ್ಲ. ಸ್ವಲ್ಪ ಹಾಸ್ಟೆಲ್, ಸ್ವಲ್ಪ ಊರೊಳಗಿನ ಬಾಡಿಗೆ ಮನೆ ಇದ್ದರೆ ಚೆನ್ನ. ಊರೊಳಗಿನದಕ್ಕೆ ಪಂಚಾಯ್ತಿ ನಾಲ್ಕು ಷರತ್ತು ಹಾಕಲಿ: ಬೋರಿಗೂ ಗುಂಡಿಗೂ ಅಂತರ, ಇಷ್ಟು ಜನಕ್ಕೆ ಇಷ್ಟು ಶೌಚಾಲಯ, ಬೆಂಕಿ ಬಿದ್ದರೆ ಓಡಲು ಎರಡನೇ ಬಾಗಿಲು, ವಾಸಕ್ಕೆ ತಕ್ಕ ತೆರಿಗೆ.

ಲೇಔಟಿನ ವಿಷಯದಲ್ಲಿ ಕಾನೂನು ಈಗಾಗಲೇ ಇದೆ. ಅಪ್ರೂವ್ ಆಗದ ಸೈಟುಗಳ ರಿಜಿಸ್ಟ್ರೇಷನ್ನಿಗೆ 2016ರಲ್ಲಿ ಮದ್ರಾಸ್ ಹೈಕೋರ್ಟ್ ತಡೆ ಹಾಕಿತು, ಮುಂದಿನ ವರ್ಷ ಸರ್ಕಾರ ಹಳೆಯದನ್ನು ಸಕ್ರಮ ಮಾಡುವ ಯೋಜನೆ ತಂದಿತು. ಈಗ ಬೋರ್ಡಿನ ಮೇಲೆಲ್ಲ ‘ಡಿಟಿಸಿಪಿ ಅಪ್ರೂವ್ಡ್’ ಅಂತ ಇರುತ್ತದೆ, ಅಂದರೆ ರಾಜ್ಯದ ನಗರ ಯೋಜನಾ ಇಲಾಖೆ ಒಪ್ಪಿದ್ದು. ಅಪ್ರೂವಲ್ ಅಂದರೆ ರಸ್ತೆಯ ಜಾಗವನ್ನು, ದೊಡ್ಡ ಲೇಔಟಾದರೆ ಪಾರ್ಕಿನ ಜಾಗವನ್ನೂ, ಸ್ಥಳೀಯ ಸಂಸ್ಥೆಯ ಹೆಸರಿಗೆ ಬರೆದುಕೊಡಬೇಕು. ಬರೆದುಕೊಟ್ಟ ಆ ಜಾಗ ಈಗ ಎಲ್ಲಿದೆ, ಅದರ ಮೇಲೆ ಯಾರ ದನದ ಕೊಟ್ಟಿಗೆ ಇದೆ ಅಂತ ನೋಡಿ. ನೀರಿನ ಟ್ಯಾಂಕಿಗೆ ಜಾಗ ಇಲ್ಲ ಅನ್ನುವ ಪಂಚಾಯ್ತಿ ಮೊದಲು ತನ್ನ ಹೆಸರಿನಲ್ಲೇ ಇರುವ ಪತ್ರಗಳನ್ನು ತೆಗೆದು ಓದಬೇಕು.

ಸಿಎಸ್‌ಆರ್ ಬಗ್ಗೆ ಒಂದು ಮಾತು. ದೊಡ್ಡ ಕಂಪನಿಗಳು ಲಾಭದ 2 ಶೇಕಡಾ ಸಮಾಜಕ್ಕೆ ಖರ್ಚು ಮಾಡಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತದೆ. ಅದರಿಂದ ಶಾಲೆಗೆ ಬಣ್ಣ, ಬಸ್ ಸ್ಟಾಪಿಗೆ ಶೆಲ್ಟರು, ಆರ್‌ಒ ನೀರಿನ ಯಂತ್ರ ಬರುತ್ತದೆ, ಮೇಲೆ ಕಂಪನಿ ಹೆಸರು ನೀರಿನ ನಲ್ಲಿಗಿಂತ ದೊಡ್ಡದಾಗಿ. ಬರಲಿ, ಬೇಡ ಅನ್ನಬೇಕಿಲ್ಲ. ಆದರೆ ಅದು ಅವರ ಇಷ್ಟ, ತೆರಿಗೆ ನಮ್ಮ ಹಕ್ಕು. ಯಂತ್ರದ ಫಿಲ್ಟರ್ ಬದಲಾಯಿಸಲು ಮೂರನೇ ವರ್ಷ ಯಾರೂ ಬರದಿದ್ದರೆ ಸಿಎಸ್‌ಆರ್‌ನವರನ್ನು ಹಿಡಿದು ಕೇಳುವಂತಿಲ್ಲ.

ಇನ್ನು ಗ್ರಾಮಸಭೆ. ಕೃಷ್ಣಗಿರಿ ಜಿಲ್ಲೆಯ ಹಳ್ಳಿ ಪಂಚಾಯ್ತಿಗಳಿಗೆ ಚುನಾವಣೆ ಆಗಿದ್ದು 2019ರ ಡಿಸೆಂಬರಿನಲ್ಲಿ. 2025ರ ಜನವರಿಯಲ್ಲಿ ಅವಧಿ ಮುಗಿದಾಗ ಹೊಸ ಚುನಾವಣೆ ಆಗಲಿಲ್ಲ, ವಿಶೇಷ ಅಧಿಕಾರಿಗಳು ಬಂದರು. ಬೆಳವಣಿಗೆ ಜೋರಾಗಿ ನುಗ್ಗುವ ಹೊತ್ತಿಗೇ ಊರಿನ ಪರವಾಗಿ ಕೇಳುವ ಕುರ್ಚಿ ಖಾಲಿ ಆಯಿತು. ಪ್ರೆಸಿಡೆಂಟ್ ಇರಲಿ ಬಿಡಲಿ, ಗ್ರಾಮಸಭೆ ನಡೆಯುತ್ತದೆ, ಅಲ್ಲಿ ಓಟು ಇರುವ ಯಾರು ಬೇಕಾದರೂ ಎದ್ದು ಕೇಳಬಹುದು. ನೋಟಿಸು ತಮಿಳಿನಲ್ಲಿ ಇರುತ್ತದೆ, ನಮ್ಮ ತಳಿ, ಡೆಂಕಣಿಕೋಟೆ ಕಡೆಯ ಹಳೇ ತಲೆಗಳಿಗೆ ಕನ್ನಡವೋ ತೆಲುಗೋ ಮಾತ್ರ ಬರುತ್ತದೆ, ಆದ್ದರಿಂದ ಓದಬಲ್ಲ ಹುಡುಗರು ಅಂಗಡಿ ಕಟ್ಟೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದರೆ ಅರ್ಧ ಕೆಲಸ ಆಯಿತು.

ಕೇಳಬೇಕಾದ್ದು ಜಾಸ್ತಿ ಏನಿಲ್ಲ. ಕಳೆದ ಅರ್ಧವರ್ಷಕ್ಕೆ ಯಾವ ಕಂಪನಿ ಎಷ್ಟು ತಲೆಗೆ ವೃತ್ತಿ ತೆರಿಗೆ ಕಟ್ಟಿದೆ? ಕಾಂಟ್ರಾಕ್ಟರ್ ಮೂಲಕ ಬಂದವರದ್ದು ಸೇರಿದೆಯೇ, ಇಲ್ಲ ಅವರ ತೆರಿಗೆ ಕಾಂಟ್ರಾಕ್ಟರ್ ಆಫೀಸು ಇರುವ ಬೇರೆ ಊರಿಗೆ ಹೋಗುತ್ತಿದೆಯೇ? ಕಟ್ಟಡದ ತೆರಿಗೆ ಹಾಕುವಾಗ ಅಳತೆ ತಗೊಂಡಿದ್ದು ಯಾವಾಗ, ಆಮೇಲೆ ಎಷ್ಟು ಶೆಡ್ ಜಾಸ್ತಿ ಆಗಿದೆ? ರಿಜಿಸ್ಟರಿನಲ್ಲಿರುವ ತಲೆಯ ಲೆಕ್ಕವನ್ನೂ ಬೆಳಿಗ್ಗೆ ಗೇಟಿನೊಳಗೆ ಹೋಗುವ ಬಸ್ಸುಗಳ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕ್ಲರ್ಕ್ ರಿಜಿಸ್ಟರ್ ತೋರಿಸದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅದಕ್ಕೆ ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು.